ಕಡ್ಡಿಯ ಮೇಲಿನ ವಿಭೂತಿ

ಜನವರಿ 6, 2025, ಸೋಮವಾರ

ಸ್ವಾಮಿಗಳ ಮಾತು ಮೀರಬಾರದೆಂದು ಬರೆಯಲು ಕೂತಿದ್ದೇನೆ. ಅರವತ್ತೊಂದು ತುಂಬಿತೆಂದು ಹೆಂಡತಿಯ ಜೊತೆ ಮಠಕ್ಕೆ ಹೋಗಿ ಕಾಲಿಗೆರಗಿದರೆ, "ಮಹಾಲಿಂಗಯ್ಯ, ನಿನಗೆ ಸಿಟ್ಟು ಜಾಸ್ತಿ. ದಿನಾ ಅಂಗಡಿ ಮುಚ್ಚಿದ ಮೇಲೆ, ಯಾರಿಂದ ಏನು ಉಪಕಾರ ಆಯ್ತು ಅಂತ ಒಂದು ಪುಸ್ತಕದಲ್ಲಿ ಬರೀತಾ ಬಾ" ಎಂದರು. ನನಗೆ ಸಿಟ್ಟು ಜಾಸ್ತಿ ಎಂದು ಅವರಿಗೆ ಹೇಳಿದವರು ಯಾರೋ, ಅವರ ಮೇಲೆ ಅಲ್ಲೇ ಸಿಟ್ಟು ಬಂತು. ಬಸಮ್ಮ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದಳು.

ಮೊದಲ ಉಪಕಾರ ಪಾವಗಡ ಬಸ್ಸಿನ ಕಂಡಕ್ಟರನದು. ಮೂರು ಸೈಕಲ್ ಚಕ್ರಗಳನ್ನು ಒಟ್ಟಿಗೆ ಕಟ್ಟಿ, ಹೆಸರಿನ ಚೀಟಿ ಹರಿಯದ ಹಾಗೆ ಜೋಪಾನವಾಗಿ ತಂದು ಅಂಗಡಿ ಬಾಗಿಲಿಗೇ ಇಳಿಸಿ ಹೋದ. ಪಂಕ್ಚರ್ ಹಾಕುವವರು ಮಧುಗಿರಿಯಲ್ಲಿ ಹತ್ತು ಜನ ಇದ್ದಾರೆ. ಕಡ್ಡಿಯ ಬಿಗಿ ನೋಡಿಸಬೇಕಾದರೆ ಮಾತ್ರ ಶಿರಾ, ಕೊರಟಗೆರೆ, ಪಾವಗಡದಿಂದಲೂ ಚಕ್ರ ಬಿಚ್ಚಿ ಬಸ್ಸಿಗೆ ಹಾಕಿ ನನಗೇ ಕಳಿಸುತ್ತಾರೆ. ಇದು ನಮ್ಮಪ್ಪ ಕಲಿಸಿದ ಕೆಲಸ. ಚಕ್ರ ನೆಟ್ಟಗೆ ತಿರುಗಿದರೆ ಸಾಲದು. ಒಂದು ಕಡ್ಡಿಯನ್ನು ಎಳೆದು, ಇನ್ನೊಂದನ್ನು ಸಡಿಲ ಬಿಟ್ಟು ಕಣ್ಣಿಗೆ ನೆಟ್ಟಗೆ ಕಾಣುವ ಹಾಗೆ ಮಾಡಿಕೊಡುವವರು ಬೇಕಾದಷ್ಟು ಜನ. ಎಲ್ಲ ಕಡ್ಡಿಗಳೂ ಒಂದೇ ಬಿಗಿಯಲ್ಲಿವೆಯೇ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಬೆರಳಲ್ಲಿ ಮೀಟಿ ಕೇಳಬೇಕು. ಬಿಗಿ ಇದ್ದರೆ ಟಿಣ್ ಎನ್ನುತ್ತದೆ. ಸಡಿಲವಿದ್ದರೆ ಡಬ್ ಎನ್ನುತ್ತದೆ. ಸಡಿಲ ಚಕ್ರವೂ ನಾಲ್ಕು ದಿನ ಚೆನ್ನಾಗಿಯೇ ಓಡುತ್ತದೆ, ಭಾರ ಬಿದ್ದು ಇಳಿಜಾರು ಸಿಕ್ಕಿದ ದಿನ ಮಡಚಿಕೊಳ್ಳುತ್ತದೆ.

ಇತ್ತೀಚೆಗೆ ಬರುವ ಕಡ್ಡಿಗಳ ಕಬ್ಬಿಣ ಮಾತ್ರ ಕೆಟ್ಟುಹೋಗಿದೆ. ಎಷ್ಟು ಬಿಗಿ ಮಾಡಿದರೂ ದನಿಯೇ ಇಲ್ಲ.

ಜನವರಿ 9, ಗುರುವಾರ

ಈಗಿನ ಗಿರಾಕಿಗಳಿಗೆ ಬಾಯಿ ಬಿಟ್ಟು ಮಾತಾಡುವುದಕ್ಕೆ ಏನು ಕಷ್ಟವೋ ಕಾಣೆ. ಎಲ್ಲರೂ ಗಂಟಲೊಳಗೇ ಗೊಣಗುತ್ತಾರೆ. ಮೊಬೈಲ್ ಬಂದ ಮೇಲೆ ಜನಕ್ಕೆ ಎದುರಿಗಿರುವವರ ಜೊತೆ ಮಾತಾಡುವ ಅಭ್ಯಾಸವೇ ತಪ್ಪಿದೆ.

ಪಕ್ಕದಲ್ಲಿ ಬಣ್ಣದ ಅಂಗಡಿ ಇಟ್ಟಿರುವ ನನ್ನ ತಮ್ಮನ ಮಗ ರುದ್ರಮುನಿ ಬಂದು, "ದೊಡ್ಡಪ್ಪ, ತುಮ್ಕೂರಲ್ಲಿ ಒಬ್ರು ಕಿವಿ ಡಾಕ್ಟ್ರು ಅವ್ರೆ. ಸುಮ್ನೆ ಒಂದ್ಸಲ ತೋರಿಸ್ಕೊಂಡ್ ಬಂದ್ಬುಡಾನ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದ.

"ನಿನ್ ಕಿವಿ ತೋರಿಸ್ಕೋ ಹೋಗ್ಲಾ" ಎಂದೆ. ನಾಲ್ಕು ದಿನ ಅವನ ಜೊತೆ ಮಾತಾಡಬಾರದೆಂದು ತೀರ್ಮಾನ ಮಾಡಿದ್ದೇನೆ.

ಉಪಕಾರ ಬರೆಯಬೇಕಲ್ಲ. ಬಸಮ್ಮ. ಅವಳೊಬ್ಬಳೇ ಮುಖ ನೋಡಿ, ಬಿಡಿಸಿ ಬಿಡಿಸಿ ಮಾತಾಡುತ್ತಾಳೆ. ಈಚೆಗೆ ಅವಳ ದನಿ ಸ್ವಲ್ಪ ಜೋರಾಗಿದೆ. ಬಿಪಿ ನೋಡಿಸಬೇಕು.

ಜನವರಿ 20, ಸೋಮವಾರ

ಐ.ಡಿ.ಹಳ್ಳಿ ಕಡೆ ಅಂಚೆ ಹಂಚುವ ಲಕ್ಷ್ಮೀದೇವಿ ಮುಂದಿನ ಚಕ್ರ ತಂದಿದ್ದಳು. ಜೊತೆಗೆ ಒಂದು ಚೀಲ ಸೊಗಡು ಅವರೆಕಾಯಿ. ಬೇಡವೆಂದರೂ ಕೇಳಲಿಲ್ಲ. ಆ ಹುಡುಗಿಯನ್ನು ಕಂಡರೆ ನನಗೆ ಇಷ್ಟ. ಮನೆ ಮನೆ ಬಾಗಿಲಲ್ಲಿ "ಪೋಸ್ಟ್" ಎಂದು ಕೂಗಿ ಅಭ್ಯಾಸವಾಗಿ, ಮಾತು ಖಣಖಣ ಎನ್ನುತ್ತದೆ.

"ಯಜಮಾನ್ರೆ, ಎಲ್ರೂ ಕೆರೆ ಏರಿ ಬಂದೇಟ್ಗೆ ಇಳ್ಕೊಂಡು ತಳ್ಕೊಂಡ್ ಹೋಯ್ತಾರೆ. ನಾನು ಮಾತ್ರ ನಿಮ್ ಚಕ್ರ ಐತೆ ಅಂತ ಬ್ರೇಕ್ ಬುಟ್ಟು ಒಂದೇ ಉಸ್ರಿಗೆ ಇಳ್ದ್‌ಬುಡ್ತೀನಿ" ಎಂದಳು. ಮುಂದಿನ ಹ್ಯಾಂಡಲಿಗೆ ಅಷ್ಟು ದೊಡ್ಡ ಚೀಲ ತೂಗುಹಾಕಿಕೊಂಡು ಹಾಗೆಲ್ಲ ಇಳಿಯಬೇಡ ಎಂದು ಬೈದೆ. ಒಳಗೊಳಗೇ ಖುಷಿಯಾಯಿತು.

ಇವತ್ತಿನಿಂದ ಬಸಮ್ಮ ಮಧ್ಯಾಹ್ನದ ಊಟ ಅಂಗಡಿಗೇ ತರುತ್ತಾಳಂತೆ. "ಬಿಸಿಲಲ್ಲಿ ನಡ್ಕೊಂಡ್ ಬರ್ಬೇಡ್ರಿ" ಎಂದಳು. ಜನವರಿಯಲ್ಲಿ ಎಂಥ ಬಿಸಿಲೋ. ಆದರೂ ಬಿಸಿ ಮುದ್ದೆ, ಅವರೆಕಾಳಿನ ಸಾರು ಕೂತಲ್ಲಿಗೇ ಬಂತು. ಬೇಡ ಎನ್ನುವುದಕ್ಕೆ ನನಗೇನು ಹುಚ್ಚೇ.

ಜನವರಿ 28, ಮಂಗಳವಾರ

ತುಮಕೂರಿನ ಸಗಟು ಅಂಗಡಿಗೆ ಹೋಗಿ ಕಡ್ಡಿಯ ಕಟ್ಟನ್ನು ವಾಪಸ್ ಕೊಟ್ಟು ಬಂದೆ. ಅಂಗಡಿಯವನು ಒಂದನ್ನು ಕಬ್ಬಿಣದ ಪಟ್ಟಿಗೆ ಬಡಿದು ತೋರಿಸಿ ತಲೆಯಾಡಿಸಿದ. "ಎಲ್ಲಪ್ಪ ದನಿ?" ಎಂದೆ. ಅವನೂ ಏನೋ ಗೊಣಗಿದ. ಇಪ್ಪತ್ತು ವರ್ಷದ ವ್ಯವಹಾರ ಅಲ್ಲಿಗೆ ಮುಗಿಯಿತು.

ಉಪಕಾರ ಯಾವುದೂ ನೆನಪಿಗೆ ಬರುತ್ತಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿತು.

ಫೆಬ್ರವರಿ 3, ಸೋಮವಾರ

ಇದನ್ನು ಯಾರಿಗೂ ಹೇಳುವ ಹಾಗಿಲ್ಲ. ಇಲ್ಲಿ ಮಾತ್ರ ಬರೆಯುತ್ತೇನೆ.

ಶಿರಾದಿಂದ ಬಂದ ಚಕ್ರ ಮುಗಿಸಿ, ಬಸಮ್ಮ ಊಟ ತಂದಳೆಂದು ರಸ್ತೆಯಾಚೆಯ ನಲ್ಲಿಗೆ ಕೈ ತೊಳೆಯಲು ಹೋದೆ. ಗ್ರೀಸು ಬಿಡಿಸಲು ಹತ್ತು ನಿಮಿಷ ಬೇಕು. ವಾಪಸ್ ಬಂದಾಗ ಒಂದು ಕಡ್ಡಿಯ ಮೇಲೆ ಬಿಳಿಯ ಚುಕ್ಕೆ ಇತ್ತು. ಮುಟ್ಟಿ ನೋಡಿದರೆ ವಿಭೂತಿ. ನನ್ನ ಹಣೆಯಿಂದ ಉದುರಿರಬೇಕು ಎಂದುಕೊಂಡು ಒರೆಸಲು ಹೋದವನು, ಯಾಕೋ ಆ ಕಡ್ಡಿಯನ್ನೂ ಪಕ್ಕದ ಕಡ್ಡಿಯನ್ನೂ ಸೇರಿಸಿ ಹಿಸುಕಿ ನೋಡಿದೆ. ಮೆತ್ತಗಿತ್ತು. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲಿಗೆ ಕೀ ಹಾಕಿ ತಿರುಗಿಸಿದರೆ ಒಂದು ಸುತ್ತು ಬಂತು! ಮೂವತ್ತೆರಡು ಕಡ್ಡಿಗಳಲ್ಲಿ ಸಡಿಲವಾಗಿದ್ದದ್ದು ಅದೊಂದೇ. ಉದುರಿದ್ದೂ ಅದರ ಮೇಲೆಯೇ.

ಅಂಗಡಿಯ ಗೂಡಿನಲ್ಲಿರುವ ಶಿವನ ಪಟಕ್ಕೆ ಕೈ ಮುಗಿದೆ. ಮೂವತ್ತೆಂಟು ವರ್ಷ ಆ ಪಟದ ಮುಂದೆ ವಿಭೂತಿ ಇಟ್ಟುಕೊಂಡೇ ಬಾಗಿಲು ತೆಗೆದಿದ್ದೇನೆ. ಅದು ಸುಮ್ಮನೆ ಹೋಗಲಿಲ್ಲ.

ಫೆಬ್ರವರಿ 14, ಶುಕ್ರವಾರ

ಐದನೆಯ ಸಲ. ಇನ್ನು ಅನುಮಾನವೇ ಇಲ್ಲ. ಯಾವ ಕಡ್ಡಿ ತಪ್ಪಿದೆಯೋ ಅದರ ಮೇಲೆಯೇ ಬೀಳುತ್ತದೆ. ಸರಿಯಿರುವ ಚಕ್ರದ ಮೇಲೆ ಒಂದು ಕಣವೂ ಇರುವುದಿಲ್ಲ. ಈ ಹಾಳು ಕಡ್ಡಿಗಳ ಕಾಲದಲ್ಲಿ ನನ್ನ ಹೆಸರು ಉಳಿದಿರುವುದು ಅವನ ದಯೆಯಿಂದ.

ಬಸಮ್ಮನಿಗಾದರೂ ಹೇಳಬೇಕೆನಿಸಿತು. ಆದರೆ ಅವಳಿಗೆ ಇಂಥದರಲ್ಲಿ ನಂಬಿಕೆ ಕಡಿಮೆ. ವಾರಕ್ಕೊಮ್ಮೆ ಭಜನೆಯಲ್ಲಿ ಶ್ರುತಿಪೆಟ್ಟಿಗೆ ಹಿಡಿದು ಕೂರುತ್ತಾಳೆ, ಯಾರಾದರೂ ಶ್ರುತಿ ಬಿಟ್ಟರೆ ಕೆಕ್ಕರಿಸಿ ನೋಡುತ್ತಾಳೆ, ಅಷ್ಟೇ ಅವಳ ಭಕ್ತಿ. ಹೇಳಿದರೆ ನಕ್ಕುಬಿಡುತ್ತಾಳೆ. ನಕ್ಕರೆ ಕೃಪೆ ನಿಂತುಹೋದೀತು ಎಂಬ ಭಯವೂ ಇದೆ.

ಗೂಡಿನಲ್ಲಿದ್ದ ವಿಭೂತಿ ಗಟ್ಟಿ ಬೇಗ ಸವೆದಿತ್ತು. ನಾನು ಹೇಳುವ ಮೊದಲೇ ಹೊಸದು ತಂದಿಟ್ಟಿದ್ದಾಳೆ. ಅದನ್ನೂ ಉಪಕಾರದ ಲೆಕ್ಕಕ್ಕೆ ಬರೆದುಕೊಳ್ಳುತ್ತೇನೆ.

ಫೆಬ್ರವರಿ 27, ಗುರುವಾರ

ಶಿವರಾತ್ರಿ ಮುಗಿಯಿತು. ಈ ಸಲ ಭಜನೆಯವರ ಗಂಟಲು ಯಾಕೋ ಸೊರಗಿತ್ತು.

ಶಿರಾದಲ್ಲಿರುವ ಬಸಮ್ಮನ ಅಕ್ಕನಿಗೆ ಕಣ್ಣಿನ ಆಪರೇಷನ್. ನಾಳೆ ಹೊರಟು ಹತ್ತು ದಿನ ಅಲ್ಲೇ ಇದ್ದು ನೋಡಿಕೊಂಡು ಬರುತ್ತಾಳೆ. ಹೋಗುವುದಕ್ಕೆ ಅವಳಿಗೆ ಮನಸ್ಸೇ ಇಲ್ಲ.

"ನಾನ್ ಬರೋಗಂಟ ಚಕ್ರದ ಕೆಲ್ಸ ಮುಟ್ಬೇಡ್ರಿ. ಪಂಕ್ಚರ್ ಮಾಡ್ಕೊಂಡಿರಿ. ಬಂದ್ ಚಕ್ರ ಹಂಗೇ ಇರ್ಲಿ."

"ನೀನು ಶಿರಾಕ್ಕೆ ಹೋಗೋದಕ್ಕೂ ನನ್ ಚಕ್ರಕ್ಕೂ ಏನೇ ಸಂಬಂಧ?"

"ಏನೂ ಇಲ್ಲ ಬುಡ್ರಿ" ಎಂದು ಸೀರೆ ಮಡಿಸತೊಡಗಿದಳು.

ಮಾರ್ಚ್ 5, ಬುಧವಾರ

ಸಂತೋಷದ ವಾರ. ಆರು ಚಕ್ರ ಮಾಡಿದೆ, ಒಂದರ ಮೇಲೂ ಗುರುತಿಲ್ಲ. ಪ್ರತಿ ಸಲ ಕೈ ತೊಳೆದು ಬಂದು ಒಂದೊಂದೇ ಕಡ್ಡಿ ನೋಡುತ್ತೇನೆ. ಶುಭ್ರವಾಗಿರುತ್ತದೆ. ನನ್ನ ಕೈ ಮತ್ತೆ ಹದಕ್ಕೆ ಬಂದಿದೆ. ಶಿವನಿಗೂ ಹೇಳುವುದಕ್ಕೆ ಏನೂ ಉಳಿದಿಲ್ಲ.

ಆರನೆಯದು ಲಕ್ಷ್ಮೀದೇವಿಯ ಚಕ್ರ. ಗುಂಡಿಗೆ ಬಿದ್ದು ಎಂಟು ಕಡ್ಡಿ ತುಂಡಾಗಿದ್ದವು. ಎಂಟೂ ಹೊಸದು ಹಾಕಿ, ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ತಿರುಗಿಸಿದೆ. ಒಂದು ಕೂದಲಿನಷ್ಟೂ ಓಲಾಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹಾಕಿ ಕಳಿಸಿದೆ.

ಊಟ ರುದ್ರಮುನಿಯ ಮನೆಯಿಂದ ಬರುತ್ತಿದೆ. ಉಪ್ಪು ಕಡಿಮೆ, ಆದರೂ ಪುಣ್ಯಾತ್ಮ ತಪ್ಪದೆ ತಂದುಕೊಡುತ್ತಾನೆ. ಅವನ ಜೊತೆ ಮಾತು ಬಿಟ್ಟದ್ದು ಸಾಕೆನಿಸಿತು.

ಮಾರ್ಚ್ 10, ಸೋಮವಾರ

ಬಸಮ್ಮ ಬಂದಳು. ಇವತ್ತು ಒಂದೇ ಚಕ್ರದ ಮೇಲೆ ನಾಲ್ಕು ಗುರುತು. ನನಗೆ ಅಳು ಬಂತು. ಹತ್ತು ದಿನದಲ್ಲಿ ನಾನೇನು ಪಾಪ ಮಾಡಿದೆ? ಕೈ ಹದಕ್ಕೆ ಬಂತೆಂದು ಜಂಬ ಪಟ್ಟದ್ದೇ ತಪ್ಪಾಯಿತೇ?

"ನಾನಿಲ್ದಾಗ ಚಕ್ರ ಮಾಡಿದ್ರಾ? ಎಷ್ಟು? ಯಾರ್ಯಾರ್ದು?" ಎಂದು ಬಸಮ್ಮ ಪೊಲೀಸಿನವರ ಹಾಗೆ ಕೇಳಿದಳು. ಹೇಳಿದೆ. ಊಟದ ಡಬ್ಬಿಯನ್ನೂ ಎತ್ತಿಕೊಳ್ಳದೆ ರುದ್ರಮುನಿಯ ಅಂಗಡಿಗೆ ಹೋದಳು.

ಮಾರ್ಚ್ 14, ಶುಕ್ರವಾರ

ಕಳಿಸಿದ ಆರರಲ್ಲಿ ಐದು ಚಕ್ರ ವಾಪಸ್ ಬಂದಿವೆ. ರುದ್ರಮುನಿ ಫೋನ್ ಮಾಡಿ, "ಇನ್ನೊಂದ್ಸಲ ನೋಡಿ ಕೊಡ್ತಾರಂತೆ, ಕಳಿಸಿ" ಎಂದನಂತೆ! ಯಾರಪ್ಪ ಹೇಳಿದ್ದು ಇವನಿಗೆ? ಹೋಗಿ ಕೂಗಾಡಿದೆ. ಅವನು ಬಣ್ಣದ ಡಬ್ಬಿ ಜೋಡಿಸುತ್ತ ತಲೆ ಎತ್ತಲಿಲ್ಲ.

ಲಕ್ಷ್ಮೀದೇವಿಯದು ಮಾತ್ರ ಬಂದಿಲ್ಲ. ಅವಳ ಫೋನ್ ಸಿಗುತ್ತಿಲ್ಲವಂತೆ. ಒಬ್ಬಳಾದರೂ ನನ್ನ ಕೆಲಸದ ಮೇಲೆ ನಂಬಿಕೆ ಇಟ್ಟಿದ್ದಾಳೆ ಎಂದುಕೊಂಡೆ. ಬಸಮ್ಮ ಎರಡು ದಿನದಿಂದ ಐ.ಡಿ.ಹಳ್ಳಿ ಬಸ್ಸಿನವರ ಹತ್ತಿರವೆಲ್ಲ ಹೇಳಿ ಕಳಿಸುತ್ತಿದ್ದಾಳೆ.

ಮಾರ್ಚ್ 17, ಸೋಮವಾರ

ಲಕ್ಷ್ಮೀದೇವಿ ಶನಿವಾರ ಏರಿಯ ಮೇಲಿಂದ ಇಳಿಯುವಾಗ ಬಿದ್ದಳಂತೆ. ಕೈ ಮುರಿದಿದೆ. ಕಂಡಕ್ಟರ್ ಹೇಳಿದ.

ಮಾರ್ಚ್ 21, ಶುಕ್ರವಾರ

ಅವಳೇ ಬಂದಿದ್ದಳು. ಎಡಗೈಗೆ ಪ್ಲಾಸ್ಟರ್ ಕಟ್ಟು, ಕೊರಳಿಗೆ ಜೋಲಿ, ಕೆನ್ನೆ ತರಚಿ ಕಪ್ಪಾಗಿದೆ. ಬಲಗೈಯಲ್ಲಿ ಚಕ್ರ. ಚಕ್ರ ಎನ್ನುವ ಹಾಗಿಲ್ಲ, ಹಪ್ಪಳ ಮಡಚಿದಂತಿತ್ತು. ಬಾಗಿಲಲ್ಲಿ ನಿಂತು ಅವಳು ಆಡಿದ ಮಾತನ್ನು ಇದ್ದ ಹಾಗೆಯೇ ಬರೆದಿಡುತ್ತೇನೆ.

"ತಪ್ಪಾಯ್ತು ಯಜಮಾನ್ರೆ. ನೀವು ಬೇಡ ಬೇಡ ಅಂತ ಬೈದಿದ್ರೂ ಬ್ರೇಕ್ ಬುಟ್ಟೆ. ನೀವ್ ಮಾಡಿದ್ ಚಕ್ರ ಹಾಳ್ ಮಾಡ್ಬುಟ್ಟೆ."

ನಾನು ಅವಳ ಕೈಯಿಂದ ಚಕ್ರ ಇಸಿದುಕೊಂಡೆ. ಬಸಮ್ಮ ಅವಳನ್ನು ಕೂರಿಸಿ ನೀರು ಕೊಟ್ಟಳು. ಅವಳ ಬದಲಿಗೆ ಈಗ ಬೇರೆ ಯಾರೋ ಅಂಚೆ ಹಂಚುತ್ತಿದ್ದಾರಂತೆ. "ಅಜ್ಜೀರೆಲ್ಲ ಪಿಂಚಣಿಗೆ ನನ್ನೇ ಕೇಳ್ತಾವ್ರಂತೆ" ಎಂದು ನಗಲು ಹೋಗಿ ಕೆನ್ನೆ ನೋವಾಗಿ ನಿಲ್ಲಿಸಿದಳು. ಚಕ್ರವನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ. ಕೈ ಸರಿಹೋದ ಮೇಲೆ ಹೊಸ ರಿಮ್ಮು ಹಾಕಿ ಕೊಡಬೇಕಂತೆ. ನಾನೇ ಕೊಡಬೇಕಂತೆ.

ಮಾರ್ಚ್ 22, ಶನಿವಾರ

ಬಾಗಿಲು ಹಾಕಿಕೊಂಡು ಆ ಚಕ್ರ ಬಿಚ್ಚಿ ನೋಡಿದೆ. ಹಳೆಯ ಕಡ್ಡಿಗಳು ನಿಪ್ಪಲ್ಲಿನ ತುದಿಯವರೆಗೂ ಹೋಗಿವೆ. ನಾನು ಹಾಕಿದ ಎಂಟು ಕಡ್ಡಿಗಳು ಅರ್ಧಕ್ಕೇ ನಿಂತಿವೆ. ಅವು ಭಾರ ಹೊರಲೇ ಇಲ್ಲ. ಸುಮ್ಮನೆ ಜಾಗದಲ್ಲಿ ನಿಂತಿದ್ದವು. ಮೀಟಿದ್ದರೆ ಡಬ್ ಎನ್ನುತ್ತಿದ್ದವು. ಮೀಟಿದ್ದೆ. ನನಗೆ ನೆನಪಿದೆ, ಎಂಟನ್ನೂ ಮೀಟಿದ್ದೆ.

ರಸ್ತೆ ತಪ್ಪಲ್ಲ, ಬ್ರೇಕು ತಪ್ಪಲ್ಲ. ಅವಳನ್ನು ಬೀಳಿಸಿದವನು ನಾನು.

ಮಾರ್ಚ್ 31, ಸೋಮವಾರ

ಯುಗಾದಿ ಕಳೆಯಿತು. "ಚಕ್ರದ ಕೆಲಸ ಮಾಡುವುದಿಲ್ಲ" ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿ ಒಂಬತ್ತು ದಿನ. ಬಸ್ಸಿನಲ್ಲಿ ಬಂದ ಚಕ್ರಗಳನ್ನು ಅದೇ ಬಸ್ಸಿಗೆ ವಾಪಸ್ ಹಾಕುತ್ತಿದ್ದೇನೆ. ಬಸಮ್ಮ ಊಟ ಬಡಿಸುವಾಗ ಆ ರಟ್ಟನ್ನು ಗೋಡೆ ಕಡೆ ತಿರುಗಿಸುತ್ತಾಳೆ. ನಾನು ಮತ್ತೆ ಈ ಕಡೆ ತಿರುಗಿಸುತ್ತೇನೆ.

ಏಪ್ರಿಲ್ 3, ಗುರುವಾರ

"ಒಂದೇ ಒಂದ್ ಮಾಡ್ರಿ. ಕೊರಟಗೆರೆಯೋರ್ದು, ಪಾಪ ದಿನಾ ಫೋನ್ ಮಾಡ್ತಾವ್ರೆ" ಎಂದು ಬಸಮ್ಮ ಬೆಳಿಗ್ಗೆಯೇ ಹಟ ಹಿಡಿದಳು. ಆ ಒಂದು ಚಕ್ರ ಮಾಡಿದೆ. ಮಧ್ಯಾಹ್ನ ಅವಳು ಡಬ್ಬಿ ಬಿಚ್ಚುತ್ತಿರುವಾಗ ಕೈ ತೊಳೆಯಲು ಹೋದೆ. ನಲ್ಲಿಯಲ್ಲಿ ನೀರಿರಲಿಲ್ಲ. ಗ್ರೀಸು ಕೈಯಲ್ಲೇ ವಾಪಸ್ ಬಂದೆ.

ಬಸಮ್ಮ ನನಗೆ ಬೆನ್ನು ಮಾಡಿ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕಿವಿಯನ್ನು ರಿಮ್ಮಿನ ಹತ್ತಿರ ತಂದು, ಉಂಗುರದ ಬೆರಳಿನಿಂದ ಒಂದೊಂದೇ ಕಡ್ಡಿಯನ್ನು ಮೀಟುತ್ತಿದ್ದಳು. ನಮ್ಮಪ್ಪ ಮೀಟುತ್ತಿದ್ದ ಹಾಗೆಯೇ, ವಾಲ್ವಿನಿಂದ ಶುರುಮಾಡಿ ಬಲಕ್ಕೆ. ಒಂದರ ಹತ್ತಿರ ನಿಂತಳು. ಮತ್ತೆ ಮೀಟಿದಳು. ಲೋಟದ ನೀರಿಗೆ ಬೆರಳು ಅದ್ದಿ, ಗೂಡಿನಿಂದ ವಿಭೂತಿ ಗಟ್ಟಿ ತೆಗೆದು ತೇಯ್ದು, ಆ ಕಡ್ಡಿಗೆ ಸಣ್ಣ ಚುಕ್ಕೆ ಇಟ್ಟಳು. ಮುಂದಿನದಕ್ಕೆ ಹೋದಳು.

ನಾನು ಸದ್ದು ಮಾಡದೆ ಹಿಂದಕ್ಕೆ ನಡೆದೆ. ರಸ್ತೆ ದಾಟಿ, ನೀರಿಲ್ಲದ ನಲ್ಲಿಯ ಮುಂದೆ ದಿನಾ ನಿಲ್ಲುವಷ್ಟು ಹೊತ್ತು ನಿಂತೆ. ಯಾರೋ ಒಬ್ಬರು ಬಂದು ನನ್ನ ಮುಖ ನೋಡಿ, ನೀರು ಬರುವುದಿಲ್ಲ ಎಂದು ಕೈಯಾಡಿಸಿ ಹೇಳಿ ಹೋದರು. ನೀರಿಲ್ಲದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡರೇನೋ.

ಆಮೇಲೆ ಗ್ರೀಸನ್ನು ಚಿಂದಿಗೆ ಒರೆಸಿಕೊಂಡು ಹೋಗಿ ಊಟ ಮಾಡಿದೆ. ಚಕ್ರದ ಮೇಲೆ ಮೂರು ಗುರುತು. ಮೂರನ್ನೂ ಬಿಗಿ ಮಾಡಿದೆ. ಬಸಮ್ಮ ಏನೂ ತಿಳಿಯದವಳ ಹಾಗೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

ಏಪ್ರಿಲ್ 4, ಶುಕ್ರವಾರ

ಬೆಳಿಗ್ಗೆ ಕಾಫಿ ಕೊಡುವಾಗ ಕೇಳಿಯೇಬಿಟ್ಟೆ.

"ಎಷ್ಟು ದಿನದಿಂದ ಬಸಮ್ಮ?"

ಯಾವುದು ಎಂದು ಅವಳು ಕೇಳಲಿಲ್ಲ. "ಜನವರಿಯಿಂದ" ಎಂದಳು.

"ಬಾಯಿ ಬಿಟ್ಟು ಹೇಳ್ಬೋದಿತ್ತಲ್ಲ, ನಿಮ್ಗೆ ಕಿವಿ ಕೇಳಲ್ಲ ಅಂತ" ಎಂದೆ.

"ರುದ್ರಮುನಿ ಹೇಳ್ದ. ಅವ್ನ ಜೊತೆ ಎಷ್ಟ್ ದಿನ ಮಾತ್ ಬುಟ್ರಿ? ನಾಲ್ಕ್ ದಿನ ಅಂದೋರು ಎರಡ್ ತಿಂಗ್ಳು. ನನ್ ಜೊತೇನೂ ಬುಟ್ರೆ ನಾನ್ ಎಲ್ಲಿಗ್ ಹೋಗ್ಲಿ?" ಆಮೇಲೆ, "ಹೇಳ್ಬೇಕಿತ್ತು ಕಣ್ರಿ. ಶಿರಾಕ್ ಹೋಗೋ ದಿನವಾದ್ರೂ ಹೇಳ್ಬೇಕಿತ್ತು. ಆ ಹುಡ್ಗಿ ಕೈ ಮುರಿಯೋದ್ ತಪ್ತಿತ್ತು" ಎಂದು ಅತ್ತಳು.

ಅವಳು ಅಳುವುದನ್ನು ನೋಡಲಾಗಲಿಲ್ಲ. ತಪ್ಪು ಅವಳದಲ್ಲ. ಹೆಂಡತಿಯೂ ಬಾಯಿ ಬಿಡಲು ಹೆದರುವಷ್ಟು ಸಿಟ್ಟು ಬೆಳೆಸಿಕೊಂಡವನದು. ಹಾಗೆಂದು ಅವಳಿಗೂ ಹೇಳಿದೆ. ಗುರುತುಗಳನ್ನು ಶಿವನೇ ಇಡುತ್ತಿದ್ದಾನೆ ಎಂದುಕೊಂಡಿದ್ದೆ ಎಂದೂ ಹೇಳಿದೆ. ಅಳುತ್ತಿದ್ದವಳು ಕಾಫಿ ನೆತ್ತಿಗೇರುವ ಹಾಗೆ ನಕ್ಕಳು. ನಗುತ್ತಾಳೆ ಎಂದು ನನಗೆ ಮೊದಲೇ ಗೊತ್ತಿತ್ತು.

ಈಗ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಶಿವನ ಹೆಸರು ಹೊಡೆದುಹಾಕಲು ಕೈ ಬರಲಿಲ್ಲ. ಪ್ರತಿ ಸಲವೂ ಅದರ ಪಕ್ಕದಲ್ಲಿ ಬಸಮ್ಮ ಎಂದು ಬರೆದೆ.

ಏಪ್ರಿಲ್ 11, ಶುಕ್ರವಾರ

ತುಮಕೂರಿಗೆ ಹೋಗಿ ಬಂದೆವು. ಬಸಮ್ಮ, ನಾನು, ರುದ್ರಮುನಿ. ಕಿವಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡು ಕಾಲಿನ ಒಂದು ಉಕ್ಕಿನ ಕಡ್ಡಿಯನ್ನು ಬಡಿದು ಕಿವಿಯ ಹತ್ತಿರ ಹಿಡಿದರು. ಕೇಳಲಿಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು.

ಟಿಣ್!

ಎಷ್ಟು ತಿಂಗಳಾಗಿತ್ತು ಆ ದನಿ ಕೇಳಿ. ಕಣ್ಣಲ್ಲಿ ನೀರು ಬಂತು. "ಇದು ಸರಿಯಾದ್ ಬಿಗಿ ಕಣಮ್ಮ" ಎಂದೆ. ಡಾಕ್ಟರಿಗೆ ಅರ್ಥವಾಗಲಿಲ್ಲ, ರುದ್ರಮುನಿ ವಿವರಿಸಿದ. ಕಿವಿಯೊಳಗಿನ ಪುಟ್ಟ ಮೂಳೆ ಅಲುಗಾಡುತ್ತಿಲ್ಲವಂತೆ, ಅದರಾಚೆ ನರವೆಲ್ಲ ಚೆನ್ನಾಗಿದೆಯಂತೆ. ಕಿವಿಗೆ ಮಿಷನ್ ಹಾಕಿಕೊಂಡರೆ ಕೇಳುತ್ತದೆ, ಅಳತೆ ಕೊಟ್ಟು ಹೋಗಿ ಎಂದರು. ಕೊಟ್ಟು ಬಂದೆ. ದಾರಿಯಲ್ಲಿ ರುದ್ರಮುನಿಗೆ ಬಾಳೆಹಣ್ಣು ಕೊಡಿಸಿದೆ. "ತಪ್ಪಾಯ್ತು ಕಣ್ಲಾ" ಎನ್ನುವುದಕ್ಕೆ ಬೇರೆ ದಾರಿ ಹೊಳೆಯಲಿಲ್ಲ.

ಆದರೆ 'ತಪ್ಪಾಯ್ತು' ಎನ್ನಬೇಕಾದ ದೊಡ್ಡ ಜಾಗ ಇನ್ನೂ ಬಾಕಿ ಇದೆ.

ಏಪ್ರಿಲ್ 24, ಗುರುವಾರ

ಲಕ್ಷ್ಮೀದೇವಿಯ ಊರಿಗೆ ಹೋಗಿದ್ದೆ. ಬಸಮ್ಮ ಜೊತೆಗೆ ಬರುತ್ತೇನೆಂದಳು, ಬೇಡವೆಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಇನ್ನು ಮೇಲೆ ಈ ಕಡೆಯಿಂದ ನನಗೊಂದು ಚಕ್ರವೂ ಬರುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಜಗಲಿಯಲ್ಲಿ ಒಂದೇ ಕೈಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಚಾಪೆ ಹಾಸಿದಳು. ಕೂರದೆ ನಿಂತೇ ಹೇಳಿದೆ. ನನಗೆ ಕಿವಿ ಕೇಳುವುದಿಲ್ಲ ಎಂದು, ಅದನ್ನು ಒಪ್ಪಿಕೊಳ್ಳಲಿಲ್ಲ ಎಂದು, ನನ್ನ ಬದಲು ಬಸಮ್ಮ ಕಡ್ಡಿ ಮೀಟಿ ಕೇಳುತ್ತಿದ್ದಳು, ಆ ದಿನ ಅವಳಿರಲಿಲ್ಲ ಎಂದು, ಎಂಟು ಕಡ್ಡಿಗಳು ಸಡಿಲವಾಗಿದ್ದವು ಎಂದು, ಬಿದ್ದದ್ದು ಬ್ರೇಕ್ ಬಿಟ್ಟದ್ದಕ್ಕಲ್ಲ, ನನ್ನಿಂದ ಎಂದು.

ಅವಳು ಇನ್ನೂ ನಾಲ್ಕು ಹಣ್ಣಿನ ಬೀಜ ಬಿಡಿಸಿದಳು. ಕೊನೆಗೆ ಮುಖ ನೋಡಿ, ಯಾವತ್ತಿನ ಹಾಗೆ ಬಿಡಿಸಿ ಹೇಳಿದಳು.

"ಮೊದ್ಲೇ ಒಂದ್ ಮಾತ್ ಹೇಳಿದ್ರೆ, ನಾನೂ ಎಲ್ರಂಗೆ ಇಳ್ಕೊಂಡು ತಳ್ಕೊಂಡ್ ಹೋಗ್ತಿದ್ದೆ ಯಜಮಾನ್ರೆ."

ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಹೊರಡಲು ತಿರುಗಿದಾಗ ಜಗಲಿಯಿಂದ ಕೂಗಿದಳು. "ಹೊಸ ರಿಮ್ಮು ಬಂತಾ?"

"ಬಂದೈತೆ. ಆದ್ರೆ ನೀನು ಬೇರೆ ಕಡೆ ಹಾಕಿಸ್ಕೊ ತಾಯಿ."

"ಬೇರೆ ಕಡೆಯೋರು ಬಂದು ಹಿಂಗೆ ನಿಂತ್ಕೊಂಡ್ ಹೇಳ್ತಾರಾ? ನೀವೇ ಮಾಡಿ. ಅಮ್ಮಾರೂ ಕೇಳ್ಲಿ. ಇಬ್ರೂ ಸರಿ ಅಂದ್ಮೇಲೆ ಕಳ್ಸಿ." ಒಂದು ಉಂಡೆ ಹುಣಸೆಹಣ್ಣು ಕಟ್ಟಿ ಕೊಟ್ಟಳು. ಎರಡೂ ಕೈಯಲ್ಲಿ ತೆಗೆದುಕೊಂಡೆ. ಆ ಹುಡುಗಿಯ ಋಣ ಈ ಪುಸ್ತಕದಲ್ಲಿ ಹಿಡಿಸುವುದಿಲ್ಲ.

ಮೇ 5, ಸೋಮವಾರ

ಲಕ್ಷ್ಮೀದೇವಿಯ ಚಕ್ರ ಮುಗಿಯಿತು. ಮಿಷನ್ ಇನ್ನೂ ಬಂದಿಲ್ಲ. ಸ್ಕ್ರೂ ಡ್ರೈವರಿನ ತುದಿಯನ್ನು ರಿಮ್ಮಿಗೆ ತಾಗಿಸಿ, ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಮೀಟಿದೆ. ಡಾಕ್ಟರು ಮೂಳೆಗೆ ಒತ್ತಿದ ಉಪಾಯವೇ. ದನಿ ದವಡೆಯೊಳಗಿಂದ ಬರುತ್ತದೆ. ಎದುರಿಗೆ ಕೂತು ಬಸಮ್ಮ ಕಿವಿಯಿಂದ ಕೇಳಿದಳು. ಗಿರಾಕಿಗಳು ನಿಂತು ನೋಡುತ್ತಿದ್ದರು. ನೋಡಲಿ ಬಿಡು. ಒಂದು ಕಡ್ಡಿಗೆ ನಾನು ತಲೆಯಾಡಿಸಿದರೆ ಅವಳು "ಊಹೂಂ" ಎನ್ನುತ್ತಿದ್ದಳು. ಕಾಲು ಸುತ್ತು ತಿರುಗಿಸಿದ ಮೇಲೆ "ಈಗ ಸರಿ" ಎಂದಳು. ಒಂದು ಚಕ್ರಕ್ಕೆ ಅರ್ಧ ದಿನ ಹಿಡಿಯಿತು.

ಆಮೇಲೆ ಅವಳ ಮುಂದೆಯೇ ರಟ್ಟನ್ನು ಹರಿದು ಒಲೆಗೆ ಹಾಕೆಂದು ಕೊಟ್ಟೆ.

ಮೇ 13, ಮಂಗಳವಾರ

ಮಿಷನ್ ಬಂತು. ಮೊದಲು ಕೇಳಿದ್ದು ಬಸಮ್ಮನ ಬಳೆ. ಆಮೇಲೆ ಪ್ರಪಂಚದ ಗಲಾಟೆಯೆಲ್ಲ. ಗಿರಾಕಿಗಳು ಇಷ್ಟು ಜೋರಾಗಿ ಮಾತಾಡುತ್ತಾರೆಂದು ಗೊತ್ತೇ ಇರಲಿಲ್ಲ. ತುಮಕೂರಿನ ಸಗಟು ಅಂಗಡಿಯವನಿಗೆ ಫೋನ್ ಮಾಡಿ, ನಿನ್ನ ಕಡ್ಡಿಗಳ ತಪ್ಪಿಲ್ಲ ಎಂದೆ. "ಅವತ್ತೇ ಹೇಳಿದ್ನಲ್ಲ ಸಾರ್, ಟಿಣ್ ಅಂತಾವೆ ಅಂತ" ಎಂದ. ಹೇಳಿರಬೇಕು.

ಲಕ್ಷ್ಮೀದೇವಿಯ ಕಟ್ಟು ಬಿಚ್ಚಿದ್ದಾರೆ. ಮುಂದಿನ ತಿಂಗಳಿಂದ ಕೆಲಸಕ್ಕೆ ಹೋಗುತ್ತಾಳಂತೆ. ಏರಿಯ ಮೇಲೆ ಇಳಿದು ತಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ. ಮಾತು ಉಳಿಸಿಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತು.

ಮೇ 19, ಸೋಮವಾರ

ಇವತ್ತು ಪಾವಗಡದ ಒಂದು ಚಕ್ರ. ಒಬ್ಬನೇ ಮಾಡಿದೆ, ನನ್ನ ಕಿವಿಯಿಂದಲೇ ಕೇಳಿದೆ. ಮೂವತ್ತೆರಡು ಕಡ್ಡಿ, ಮೂವತ್ತೆರಡೂ ಒಂದೇ ದನಿ. ಬಸಮ್ಮ ಊಟ ತಂದು ಡಬ್ಬಿ ಬಿಚ್ಚುತ್ತಿದ್ದಳು. ಇನ್ನು ಮೇಲೆ ಅವಳು ಕೇಳಬೇಕಾದದ್ದೇನೂ ಇಲ್ಲವಲ್ಲ ಎನಿಸಿ ಯಾಕೋ ಬೇಜಾರಾಯಿತು. ಅವಳು ಅತ್ತ ತಿರುಗಿದಾಗ ವಾಲ್ವಿನ ಪಕ್ಕದ ಒಂದು ಕಡ್ಡಿಯನ್ನು ಬೇಕೆಂದೇ ಅರ್ಧ ಸುತ್ತು ಸಡಿಲ ಬಿಟ್ಟು ಕೈ ತೊಳೆಯಲು ಹೋದೆ. ನಲ್ಲಿಯಲ್ಲಿ ನೀರು ಧಾರಾಳವಾಗಿತ್ತು. ನಿಧಾನವಾಗಿ ತೊಳೆದೆ.

ಬಂದು ನೋಡಿದರೆ ವಾಲ್ವಿನ ಪಕ್ಕದ ಕಡ್ಡಿಗೆ ವಿಭೂತಿ ಇತ್ತು. ಅದರ ಎದುರು ಭಾಗದ ಇನ್ನೊಂದು ಕಡ್ಡಿಗೂ ಇತ್ತು. ಅದನ್ನು ನಾನು ಸಡಿಲ ಬಿಟ್ಟಿರಲಿಲ್ಲ.

ಮೀಟಿ ನೋಡಿದೆ. ಡಬ್ ಎಂದಿತು. ನಾನು ಚಕ್ರದ ಹತ್ತಿರ ಇಟ್ಟು ಹೋಗಿದ್ದ ಕೀ ಅವಳ ಊಟದ ಡಬ್ಬಿಯ ಪಕ್ಕದಲ್ಲಿತ್ತು.

ಬಸಮ್ಮ ಮುದ್ದೆ ಬಡಿಸುತ್ತ ಬೀದಿಯ ಕಡೆ ನೋಡುತ್ತಿದ್ದಳು. ಅವಳ ಉಂಗುರದ ಬೆರಳಿನ ತುದಿ ಬೆಳ್ಳಗಿತ್ತು.